ಪರೀಕ್ಷೆಯ ನಡುವೆ ಹತ್ತು ನಿಮಿಷದ ಹರಿವೆ

ಮಾರ್ಚ್ ಬಂತು, ಪುಸ್ತಕ ಬಿಟ್ಟು ಏಳಲು ಪುರುಸೊತ್ತಿಲ್ಲ. "ಪರೀಕ್ಷೆ ಮುಗೀಲಿ, ಆಮೇಲೆ ತರಕಾರಿ" ಅಂತೀರಾ? ಅಷ್ಟರಲ್ಲಿ ಬಾವಿಯ ನೀರು ಇನ್ನೂ ಕೆಳಗಿಳಿದಿರುತ್ತದೆ. ಈಗಲೇ ಹರಿವೆ ಬಿತ್ತಿ ನೋಡಿ.

ಕಾಸರಗೋಡಿನ ಬಿಸಿಲಿಗೆ ನಾವು ಬಾಡುತ್ತೇವೆ, ಹರಿವೆ ಬೆಳೆಯುತ್ತದೆ. ಜೋಳ, ಕಬ್ಬಿನಂತೆ ಇದೂ ಸಿ-4 ಸಸ್ಯ. ಸುಡುಬಿಸಿಲಲ್ಲೂ ಭತ್ತಕ್ಕಿಂತ ಕಡಿಮೆ ನೀರು ಬಳಸಿ ಆಹಾರ ತಯಾರಿಸಿಕೊಳ್ಳುತ್ತದೆ.

ಒಂದು ಚದರ ಮೀಟರ್ ಜಾಗ ಸಾಕು. ಮಣ್ಣು ಸಡಿಲಿಸಿ ಹಟ್ಟಿಗೊಬ್ಬರ ಬೆರೆಸಿ. ಬೀಜ ತುಂಬಾ ಸಣ್ಣದು, ಮರಳಿನ ಜೊತೆ ಕಲಸಿ ಚೆಲ್ಲಿ. ಇರುವೆ ಕಾಟವಿದ್ದರೆ ಸ್ವಲ್ಪ ರವೆ ಸೇರಿಸಿ. ಅವು ರವೆ ಹೊತ್ತುಕೊಂಡು ಹೋಗುತ್ತವೆ, ಬೀಜ ಉಳಿಯುತ್ತದೆ. ವಾರದೊಳಗೆ ಮೊಳಕೆ, 25–30 ದಿನಕ್ಕೆ ಸೊಪ್ಪು.

ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಸುತ್ತು ನೋಡಿ ಬನ್ನಿ; ಸಂಜೆ ಅಕ್ಕಿ, ತರಕಾರಿ ತೊಳೆದ ನೀರು ಹಾಕಿ. ಒಟ್ಟು ಹತ್ತು ನಿಮಿಷ. ಒಂದು ದಿನ ಮರೆತರೆ? ಸಸಿ ಎದ್ದ ಮೇಲೆ ಅರ್ಧ ಪಾತಿಗೆ ತರಗೆಲೆ ಹೊದಿಸಿ, ಅರ್ಧ ಹಾಗೇ ಬಿಡಿ. ಮರುದಿನ ಮಣ್ಣಿಗೆ ಬೆರಳಿಟ್ಟು ನೋಡಿ. ತೇವ ಎಲ್ಲಿ ಉಳಿದಿದೆ? ಯಾಕೆ? ನೋಟ್ ಪುಸ್ತಕದಲ್ಲಿ ಬರೆದಿಡಿ.

ಕೊಯ್ಯುವಾಗ ಬುಡ ಕೀಳಬೇಡಿ, ಮತ್ತೆ ಚಿಗುರುತ್ತದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ನಿಮ್ಮದೇ ಸೊಪ್ಪಿನ ಪಲ್ಯ ಊಟಕ್ಕಿರಲಿ.