ಸಂರಕ್ಷಿತ ದಾನಿ ರಕ್ತನಾಳ ಕಸಿ

ಸಂರಕ್ಷಿತ ದಾನಿ ರಕ್ತನಾಳ ಕಸಿ ಎಂದರೆ ಮೃತ ದಾನಿಯಿಂದ ಪಡೆದು ಅತಿಶೀತದಲ್ಲಿ ಕಾಪಿಟ್ಟ ಅಭಿಧಮನಿ ಅಥವಾ ಅಪಧಮನಿಯನ್ನು ಕಾಲಿನ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ವಿಧಾನ. ಮಧುಮೇಹ, ಧೂಮಪಾನ ಮೊದಲಾದ ಕಾರಣಗಳಿಂದ ಕಾಲಿನ ಅಪಧಮನಿಗಳು ಮುಚ್ಚಿ, ಹುಣ್ಣು ಮಾಯದೆ ಬೆರಳು ಕೊಳೆಯತೊಡಗಿದಾಗ ಕಾಲನ್ನು ಉಳಿಸುವುದು ಇದರ ಉದ್ದೇಶ.

ಬಳಕೆಯ ಸಂದರ್ಭ

ಈ ಶಸ್ತ್ರಚಿಕಿತ್ಸೆಗೆ ರೋಗಿಯದೇ ಸಫೀನಸ್ ಅಭಿಧಮನಿ ಅತ್ಯುತ್ತಮವಾದುದು. 1948ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಕುನ್ಲಿನ್ ಅದನ್ನು ಬಳಸಿದ ಬಳಿಕ ಆ ಸ್ಥಾನ ಬೇರಾವುದಕ್ಕೂ ದಕ್ಕಿಲ್ಲ. 2022ರಲ್ಲಿ ಪ್ರಕಟವಾದ ‘ಬೆಸ್ಟ್-ಸಿಎಲ್‌ಐ’ ಅಧ್ಯಯನದಲ್ಲಿ, ಒಳ್ಳೆಯ ಸಫೀನಸ್ ಅಭಿಧಮನಿ ಇದ್ದವರ ಪೈಕಿ ಬೈಪಾಸ್ ಆದವರಲ್ಲಿ 42.6% ಮಂದಿಗೆ ಕಾಲಿನ ಗಂಭೀರ ತೊಡಕು ಅಥವಾ ಸಾವು ಸಂಭವಿಸಿತು. ಬಲೂನ್, ಸ್ಟೆಂಟ್ ಮುಂತಾದ ನಾಳದೊಳಗಿನ ಚಿಕಿತ್ಸೆ ಪಡೆದವರಲ್ಲಿ ಇದು 57.4%. ಅಂಥ ಅಭಿಧಮನಿ ಇಲ್ಲದವರಲ್ಲಿ ಈ ಅನುಕೂಲ ಕಂಡುಬರಲಿಲ್ಲ. ಹೃದಯದ ಬೈಪಾಸ್‌ಗಾಗಿ ಅದನ್ನು ಮೊದಲೇ ತೆಗೆದಿರಬಹುದು, ಇಲ್ಲವೇ ಅದು ಉಬ್ಬಿ ಕೆಟ್ಟಿರಬಹುದು. ಆಗ ಉಳಿಯುವುದು ಕೃತಕ ನಾಳ. ಆದರೆ ಕೀವಾದ ಗಾಯದ ಬಳಿ ಅದಕ್ಕೆ ಸೋಂಕು ತಗಲುವ ಅಪಾಯ ಹೆಚ್ಚು. ದಾನಿಯ ನಾಳದ ಮುಖ್ಯ ಉಪಯೋಗ ಇಲ್ಲಿಯೇ.

ಫಲಿತಾಂಶ

ನಾಳವನ್ನು ಶೀತರಕ್ಷಕ ದ್ರಾವಣದಲ್ಲಿಟ್ಟು ದ್ರವ ಸಾರಜನಕದ ನೆರವಿನಿಂದ ಹೆಪ್ಪುಗಟ್ಟಿಸುತ್ತಾರೆ. ಸಾರಜನಕ −196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಹೀಗೆ ಕಾಪಿಟ್ಟರೂ ಒಳಪದರದ ಜೀವಕೋಶಗಳು ಬಹುಮಟ್ಟಿಗೆ ನಾಶವಾಗುತ್ತವೆ. ಗ್ರಾಹಿಯ ರೋಗನಿರೋಧಕ ವ್ಯವಸ್ಥೆಯೂ ನಾಳವನ್ನು ಪರಕೀಯವೆಂದೇ ಎಣಿಸುತ್ತದೆ. ಪರಿಣಾಮವಾಗಿ ನಾಳ ಕಿರಿದಾಗಬಹುದು, ರಕ್ತ ಹೆಪ್ಪುಗಟ್ಟಿ ಮುಚ್ಚಬಹುದು, ಕೆಲವೊಮ್ಮೆ ಊದಿಕೊಂಡು ಒಡೆಯಲೂಬಹುದು. ಮೊಣಕಾಲಿನ ಕೆಳಗಿನ ಬೈಪಾಸ್‌ಗಳ ಅನೇಕ ವರದಿಗಳಲ್ಲಿ ಒಂದು ವರ್ಷದ ನಂತರ ಮರುಚಿಕಿತ್ಸೆಯಿಲ್ಲದೆ ತೆರೆದುಕೊಂಡಿದ್ದ ನಾಳಗಳು ಅರ್ಧದ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಆದರೂ ಉಳಿದ ಕಾಲುಗಳ ಪ್ರಮಾಣ ಇದಕ್ಕಿಂತ ಹೆಚ್ಚು. ಹುಣ್ಣು ಮಾಯುವವರೆಗೆ ರಕ್ತ ಹರಿದರೆ, ಮುಂದೆ ನಾಳ ಮುಚ್ಚಿದರೂ ಕಾಲು ಉಳಿಯುವ ಸಾಧ್ಯತೆಯಿದೆ. ಆದ್ದರಿಂದ ನಾಳದ ಆಯುಷ್ಯವೊಂದನ್ನೇ ನೋಡಿ ಈ ಚಿಕಿತ್ಸೆಯನ್ನು ವಿಫಲವೆನ್ನುವುದು ಸರಿಯಲ್ಲ.

ಭಾರತ ಮತ್ತು ಉತ್ತರ ಕನ್ನಡ

1994ರ ಮಾನವ ಅಂಗ ಕಸಿ ಕಾಯ್ದೆಯ ವ್ಯಾಪ್ತಿಗೆ 2011ರ ತಿದ್ದುಪಡಿಯು ಅಂಗಾಂಶಗಳನ್ನೂ ಸೇರಿಸಿತು. ಕರ್ನಾಟಕದಲ್ಲಿ ಅಂಗದಾನವನ್ನು ‘ಜೀವಸಾರ್ಥಕತೆ’ ಸಂಯೋಜಿಸುತ್ತದೆ.

ಕಸಿಯ ನಂತರ ನಿಯತವಾಗಿ ಡಾಪ್ಲರ್ ಸ್ಕ್ಯಾನ್ ನಡೆಸಬೇಕು. ನಾಳ ಹಠಾತ್ತನೆ ಮುಚ್ಚಿ ಕಾಲಿಗೆ ರಕ್ತ ಪೂರ್ತಿ ನಿಂತರೆ ಸುಮಾರು ಆರು ಗಂಟೆಗಳಲ್ಲಿ ಸ್ನಾಯುಗಳಿಗೆ ಶಾಶ್ವತ ಹಾನಿಯಾಗತೊಡಗುತ್ತದೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ ಉನ್ನತ ಚಿಕಿತ್ಸೆಗೆ ಕಾರವಾರ, ಅಂಕೋಲಾ ಭಾಗದವರು ಹುಬ್ಬಳ್ಳಿ, ಮಂಗಳೂರು, ಮಣಿಪಾಲ ಅಥವಾ ಗೋವಾಕ್ಕೆ ಹೋಗುವುದು ರೂಢಿ. ಜಿಲ್ಲೆಗೆ ಸುಸಜ್ಜಿತ ಬಹುವಿಶೇಷತಾ ಆಸ್ಪತ್ರೆ ಬೇಕೆಂದು 2022ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ದಕ್ಷಿಣದ ಕಡೆಗಿನ ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆಗಿತ್ತು.