ಗಡಿಯಾರ ಗೋಪುರದಿಂದ ದೋಣಿಕಟ್ಟೆಯವರೆಗೆ: ಜಾರ್ಜ್‌ಟೌನ್‌ನಲ್ಲಿ ಒಂದು ಹಗಲು

ಸಿಂಗಪುರದಿಂದ ಹೊರಡುವ ಹಲವು ವಿಹಾರನೌಕೆಗಳು ಮಲಕ್ಕಾ ಜಲಸಂಧಿಯಲ್ಲಿ ಉತ್ತರಕ್ಕೆ ಸಾಗಿ ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ತಂಗುತ್ತವೆ. ಪ್ರಯಾಣಿಕರ ಪಾಲಿಗೆ ಸಿಗುವುದು ಸಾಮಾನ್ಯವಾಗಿ ಒಂದು ಹಗಲು ಮಾತ್ರ. ಅನೇಕ ಬಂದರುಗಳಲ್ಲಿ ಊರು ಸೇರುವುದಕ್ಕೇ ಬಸ್ಸು ಹಿಡಿಯಬೇಕು. ಪೆನಾಂಗ್‌ನ ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ಆ ತೊಡಕಿಲ್ಲ. ಸ್ವೆಟೆನ್‌ಹ್ಯಾಮ್ ಹಡಗುಕಟ್ಟೆಯಿಂದ ಹೊರಬಿದ್ದರೆ ಹಳೆಯ ನಗರ ಕಾಲ್ನಡಿಗೆಯ ಅಂತರದಲ್ಲಿದೆ.

ಮೊದಲು ಕಣ್ಣಿಗೆ ಬೀಳುವುದು ವಿಕ್ಟೋರಿಯಾ ರಾಣಿಯ ಸ್ಮಾರಕವಾದ ಗಡಿಯಾರ ಗೋಪುರ. ಆಕೆಯ ಆಳ್ವಿಕೆಯ 60 ವರ್ಷಗಳ ನೆನಪಿಗೆ, ವರ್ಷಕ್ಕೊಂದು ಅಡಿಯಂತೆ 60 ಅಡಿ ಎತ್ತರ. ಕಟ್ಟಿಸಿಕೊಟ್ಟವರು ಸ್ಥಳೀಯ ಚೀನೀ ಸಿರಿವಂತ ಚಿಯಾ ಚೆನ್ ಇಯೋಕ್. ಎರಡನೆಯ ಮಹಾಯುದ್ಧದ ಬಾಂಬುಗಳ ಹೊಡೆತಕ್ಕೆ ಗೋಪುರ ತುಸು ವಾಲಿದೆ.

ಅದರ ಪಕ್ಕದಲ್ಲೇ ಕಾರ್ನ್‌ವಾಲಿಸ್ ಕೋಟೆ. ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಪಡೆದ ಗವರ್ನರ್ ಜನರಲ್‌ನ ಹೆಸರದು. ಎದುರು ದಡದ ಭೂಪ್ರದೇಶಕ್ಕೂ ವೆಲ್ಲೆಸ್ಲಿಯ ಹೆಸರನ್ನೇ ಇಡಲಾಗಿತ್ತು. ಈಗ ಅದು ಸೆಬರಂಗ್ ಪೆರಾಯ್. 1786ರಲ್ಲಿ ಫ್ರಾನ್ಸಿಸ್ ಲೈಟ್ ಇಲ್ಲಿಗೆ ಬಂದಿಳಿದಾಗ ದ್ವೀಪ ಕೆಡಾ ಸುಲ್ತಾನನದಾಗಿತ್ತು. ಸಯಾಮಿನ ವಿರುದ್ಧ ಸೈನಿಕ ನೆರವು ಸಿಗುವುದೆಂಬ ನಿರೀಕ್ಷೆಯಿಂದ ಸುಲ್ತಾನ ಅದನ್ನು ಬಿಟ್ಟುಕೊಟ್ಟ. ಈಸ್ಟ್ ಇಂಡಿಯಾ ಕಂಪನಿ ದ್ವೀಪವನ್ನು ತೆಗೆದುಕೊಂಡಿತು, ನೆರವನ್ನು ಕೊಡಲಿಲ್ಲ. ಮರಳಿ ಪಡೆಯಲು ಯತ್ನಿಸಿ ಸೋತ ಸುಲ್ತಾನ 1791ರಲ್ಲಿ ವಾರ್ಷಿಕ 6,000 ಸ್ಪೇನ್ ಡಾಲರುಗಳಿಗೆ ಒಪ್ಪಬೇಕಾಯಿತು. ಇಷ್ಟು ತಿಳಿದ ಮೇಲೆ ಕೋಟೆಯೊಳಗೆ ನೋಡುವುದಕ್ಕೆ ಹೆಚ್ಚೇನೂ ಇಲ್ಲವೆಂದೇ ಹೇಳಬೇಕು. ಅದು ಯುದ್ಧವನ್ನು ಕಂಡ ಕೋಟೆಯೂ ಅಲ್ಲ.

ಹಿಂದೆ ಪಿಟ್ ಸ್ಟ್ರೀಟ್ ಎನಿಸಿಕೊಂಡಿದ್ದ ಬೀದಿಗೆ ಹೆಚ್ಚು ಸಮಯ ಮೀಸಲಿಡುವುದು ಒಳಿತು. ಭಾರತದಿಂದ ತಂದ ಕೈದಿಗಳ ದುಡಿಮೆಯಿಂದ 1818ರಲ್ಲಿ ಪೂರ್ಣಗೊಂಡ ಸೇಂಟ್ ಜಾರ್ಜ್ ಚರ್ಚು, ಧೂಪದ ಹೊಗೆ ಆರದ ಕುವಾನ್ ಯಿನ್ ದೇವಾಲಯ, ತಮಿಳು ಮುಸ್ಲಿಮರು ಕಟ್ಟಿದ ಕಪಿತಾನ್ ಕೆಲಿಂಗ್ ಮಸೀದಿ ಒಂದೇ ಸಾಲಿನಲ್ಲಿವೆ. 1833ರ ಮಹಾಮಾರಿಯಮ್ಮನ್ ಗುಡಿ ಅಲ್ಲಿಂದ ಒಂದು ಬೀದಿಯಾಚೆ.

ಆದರೆ ಜಾರ್ಜ್‌ಟೌನ್‌ನ ನಿಜವಾದ ಸೊತ್ತು ಈ ಸ್ಮಾರಕಗಳಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಸಾವಿರಾರು ಸಾಲುಕಟ್ಟಡಗಳು. ಮುಂಭಾಗ ಕಿರಿದು, ಒಳಗೆ ಉದ್ದ, ನಡುವೆ ಗಾಳಿ ಬೆಳಕಿಗೆ ತೆರೆದ ಅಂಗಳ, ಬೀದಿಗೆ ಮಳೆಬಿಸಿಲಿನಿಂದ ನೆರಳಾಗುವ ಸುಮಾರು ಐದಡಿಯ ಜಗಲಿ. ಇವು ಉಳಿದುದರ ಹಿಂದೆ ಪರಂಪರೆಯ ಪ್ರೀತಿಗಿಂತ ಒಂದು ಕಾನೂನಿನ ಕೈವಾಡ ಹೆಚ್ಚು. ಮಲೇಷ್ಯಾದ 1966ರ ಬಾಡಿಗೆ ನಿಯಂತ್ರಣ ಕಾಯಿದೆಯು 1948ಕ್ಕೆ ಮೊದಲಿನ ಕಟ್ಟಡಗಳ ಬಾಡಿಗೆಯನ್ನು ಕಟ್ಟಿಹಾಕಿತ್ತು. ಬಾಡಿಗೆ ಏರುವಂತಿಲ್ಲ, ಬಾಡಿಗೆದಾರರನ್ನು ಸುಲಭವಾಗಿ ಬಿಡಿಸುವಂತಿಲ್ಲ. ಹೀಗಾಗಿ ಮಾಲೀಕರು ದುರಸ್ತಿಯನ್ನೂ ಮಾಡಲಿಲ್ಲ, ಕೆಡವಿ ಹೊಸದನ್ನೂ ಕಟ್ಟಲಿಲ್ಲ. ಸೋರುವ ಸೂರಿನಡಿಯಲ್ಲಿ ತಗಡು ಕೆಲಸದವರು, ಊದುಬತ್ತಿ ಮಾಡುವವರು, ನಾಮಫಲಕ ಕೆತ್ತುವವರು ತಲೆಮಾರುಗಳ ಕಾಲ ಬಾಳಿದರು.

ಆ ಕಾಯಿದೆ 2000ದ ಆರಂಭದಲ್ಲಿ ಕೊನೆಗೊಂಡಿತು. ಬಾಡಿಗೆಗಳು ಒಮ್ಮೆಲೇ ಜಿಗಿದವು, ಕುಟುಂಬಗಳು ಹೊರವಲಯದ ಕಡೆಗೆ ಹೊರಟವು. 2008ರ ಜುಲೈನಲ್ಲಿ ಯುನೆಸ್ಕೊ ಮಲಕ್ಕಾದ ಜೊತೆಗೆ ಜಾರ್ಜ್‌ಟೌನನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಲು ಮುಖ್ಯ ಕಾರಣಗಳಲ್ಲೊಂದು ಇಲ್ಲಿನ ಜೀವಂತ ಬಹುಸಂಸ್ಕೃತಿ. ಅದನ್ನು ಜೀವಂತವಾಗಿಟ್ಟವರಲ್ಲಿ ಎಷ್ಟೋ ಮಂದಿ ಆ ಹೊತ್ತಿಗೆ ಗಂಟುಮೂಟೆ ಕಟ್ಟಿಯಾಗಿತ್ತು. ಗೋಡೆಗಳಿಗೆ ಬಣ್ಣ ಬಂತು, ಬಾಗಿಲುಗಳಲ್ಲಿ ಹೋಟೆಲು, ಕೆಫೆಗಳ ಫಲಕ ಬಂತು. 2012ರಲ್ಲಿ ಆರ್ಮೇನಿಯನ್ ಸ್ಟ್ರೀಟಿನ ಗೋಡೆಯೊಂದಕ್ಕೆ ನಿಜವಾದ ಸೈಕಲ್ ಅಳವಡಿಸಿ ಅರ್ನೆಸ್ಟ್ ಜಕಾರೆವಿಚ್ ಬರೆದ ಇಬ್ಬರು ಮಕ್ಕಳ ಚಿತ್ರದೆದುರು ಹಡಗಿನಿಂದ ಇಳಿದವರು ಫೋಟೊಕ್ಕೆ ಸರದಿ ನಿಲ್ಲುತ್ತಾರೆ.

ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಚೀನೀ ಕುಲಗಳ ದೋಣಿಕಟ್ಟೆಗಳಲ್ಲಿ ಇದೇ ಕಥೆ ಮುಂದುವರಿಯುತ್ತದೆ. ದಕ್ಷಿಣಕ್ಕೆ ಸುಮಾರು ಒಂದು ಕಿಲೋಮೀಟರ್ ನಡೆದರೆ ಸಿಗುವ ಚ್ಯೂ ಕಟ್ಟೆಯ ಹಲಗೆದಾರಿಯ ಬದಿಯ ಎಷ್ಟೋ ಮನೆಗಳ ಮುಂಭಾಗ ಈಗ ಅಂಗಡಿ. ಉಳಿದವು ಜನ ವಾಸಿಸುವ ಮನೆಗಳೇ. ಕಿಟಕಿಯೊಳಗೆ ಕ್ಯಾಮೆರಾ ತೂರಿಸುವವರು ಇದನ್ನು ಮರೆಯುತ್ತಾರೆ.

ಆರೇಳು ಗಂಟೆಗಳಿದ್ದವರಿಗೆ ಒಂದು ಸಲಹೆ. ಬಿಸಿಲೇರುವ ಮುನ್ನ ಬೀದಿಗಳನ್ನು ನಡೆದುಬಿಡಿ. ನಡುಹಗಲಿಗೆ 1906ರಲ್ಲಿ ಮರಳಿ ಕಟ್ಟಿದ ಖೂ ಕುಲಮಂದಿರ, ಬಳಿಕ ಲಿಟ್ಲ್ ಇಂಡಿಯಾದಲ್ಲಿ ಬಾಳೆಲೆ ಊಟ. ಸಮಯ ಸಾಲದಿದ್ದರೆ ಕೋಟೆಯನ್ನು ಕೈಬಿಡಿ, ಕೆಲಸ ನಡೆಯುತ್ತಿರುವ ಅಂಗಡಿಯೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ಹಡಗಿನ ಬಾಗಿಲು ನಿರ್ಗಮನಕ್ಕೆ ಬಹಳ ಮೊದಲೇ ಮುಚ್ಚುವುದರಿಂದ, ಮರಳಬೇಕಾದ ವೇಳೆಯನ್ನು ಇಳಿಯುವಾಗಲೇ ಬರೆದಿಟ್ಟುಕೊಳ್ಳುವುದು ಕ್ಷೇಮ.