ವಿದ್ಯಾಲಯದ ಕ್ರೀಡಾಂಗಣವೂ ಆರೋಗ್ಯವೂ

ಅಮೆರಿಕದ ಕಾಲೇಜುಗಳಲ್ಲಿ ಬೇಸ್‌ಬಾಲ್ ಆಟಕ್ಕೆಂದೇ ಕ್ರೀಡಾಂಗಣಗಳಿದ್ದು, ಅವು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತ ಬರುವುದನ್ನು ಕೇಳಿ ನಾವು ಬೆರಗಾಗುವುದುಂಟು. ಆದರೆ ಅಂತಹ ನಿದರ್ಶನಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. ಗೋರೆಗಾಂವಿನಿಂದ ಲೋಕಲ್ ರೈಲು ಹಿಡಿದು ನವಿ ಮುಂಬಯಿಯ ನೆರೂಳಿನಲ್ಲಿ ಇಳಿದರೆ, ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಗಳ ನೆರೆಯಲ್ಲಿಯೇ ಡಿ. ವೈ. ಪಾಟೀಲ ಕ್ರೀಡಾಂಗಣವಿದೆ. ಆಟ ಮಾತ್ರ ಬೇರೆ. ಅಲ್ಲಿ ಮುಖ್ಯವಾಗಿ ಕ್ರಿಕೆಟ್.

2008ರ ಮಾರ್ಚ್ 4ರಂದು ಆರಂಭವಾದ ಈ ಕ್ರೀಡಾಂಗಣದ ಚಾವಣಿಯು ಹಿಂಬದಿಯ ಆಧಾರದಿಂದಲೇ ಮುಂದಕ್ಕೆ ಚಾಚಿಕೊಂಡಿರುವುದರಿಂದ ಪ್ರೇಕ್ಷಕರ ದೃಷ್ಟಿಗೆ ಕಂಬಗಳ ಅಡ್ಡಿಯಿಲ್ಲ. ಆದರೂ ಇದರ ಮೊದಲ ವರ್ಷಗಳು ಸುಗಮವಾಗಿರಲಿಲ್ಲ. 2009ರ ನವೆಂಬರ್ 11ರಂದು ಭಾರತ-ಆಸ್ಟ್ರೇಲಿಯ ಏಕದಿನ ಪಂದ್ಯವು ಚಂಡಮಾರುತದ ಮಳೆಯಿಂದಾಗಿ ಒಂದೇ ಒಂದು ಚೆಂಡೂ ಬೀಳದೆ ರದ್ದಾಯಿತು. 2017ರಲ್ಲಿ ಹದಿನೇಳು ವರ್ಷದೊಳಗಿನ ಬಾಲಕರ ಫುಟ್‌ಬಾಲ್ ವಿಶ್ವಕಪ್ಪಿಗಾಗಿ ಇದೇ ನೆಲ ಫುಟ್‌ಬಾಲ್ ಅಂಗಣವಾಯಿತು. 2022ರ ಅಕ್ಟೋಬರಿನಲ್ಲಿ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯವೂ ಇಲ್ಲಿಯೇ ಜರುಗಿತು.

ಅದೇ ವರ್ಷ ಡಿಸೆಂಬರ್ 11ರ ಭಾನುವಾರ ಭಾರತ-ಆಸ್ಟ್ರೇಲಿಯ ಮಹಿಳೆಯರ ಪಂದ್ಯಕ್ಕೆ ಪ್ರವೇಶ ಉಚಿತವಾಗಿತ್ತು. ನಾನು ಮಡದಿ ಮತ್ತು ಮಗಳೊಡನೆ ಹೋಗಿದ್ದೆ. ಪಂದ್ಯ ಸಮವಾಗಿ, ಸೂಪರ್ ಓವರಿನಲ್ಲಿ ಭಾರತ ಗೆದ್ದಿತು. ಮುಂದೆ 2023ರ ಡಿಸೆಂಬರಿನಲ್ಲಿ ಭಾರತದ ಮಹಿಳೆಯರು ಇಲ್ಲಿ ಇಂಗ್ಲೆಂಡನ್ನು ಟೆಸ್ಟಿನಲ್ಲಿ 347 ರನ್ನುಗಳಿಂದ ಸೋಲಿಸಿದರು. 2025ರ ನವೆಂಬರ್ 2ರಂದು ಮಳೆಯಿಂದ ಸುಮಾರು ಎರಡು ಗಂಟೆ ತಡವಾಗಿ ಆರಂಭವಾದರೂ ಪೂರ್ಣ ಪಂದ್ಯ ನಡೆದು, ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಮಣಿಸಿ ವಿಶ್ವಕಪ್ ಗೆದ್ದರು. ಈ ಕ್ರೀಡಾಂಗಣಕ್ಕೆ ಕಾಲಕ್ರಮದಲ್ಲಿ ಸಂದ ಹಿರಿದಾದ ಸುಧಾರಣೆ ಹೆಣ್ಣುಮಕ್ಕಳ ಆಟಕ್ಕೆ ಅದು ನೆಲೆಯಾದದ್ದೇ ಎಂಬುದು ನನ್ನ ಅಭಿಪ್ರಾಯ.

ಇಷ್ಟನ್ನು ಬರೆಯಲು ಕಾರಣವುಂಟು. ಆ ಭಾನುವಾರದ ಆಟವನ್ನು ಕಂಡ ನನ್ನ ಮಗಳು ಈಗ ಉಪನಗರದ ಒಂದು ಕಾಲೇಜಿನ ತಂಡದಲ್ಲಿ ಆಡುತ್ತಾಳೆ. ಒಂದು ಸಂಜೆ ಆಕೆ ಗೆಳತಿಯ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತ ಮನೆಗೆ ಬಂದಳು. ಮೈದಾನದ ಗುಂಡಿಯಲ್ಲಿ ಕಾಲಿಟ್ಟು ಕಣಕಾಲು ಉಳುಕಿತ್ತು. ವೈದ್ಯರಲ್ಲಿಗೆ ಹೋದಾಗ ಜ್ವರವೂ ಉರಿಮೂತ್ರವೂ ಇರುವ ಸಂಗತಿ ಹೊರಬಿತ್ತು. “ನೀರು ಎಷ್ಟು ಕುಡಿಯುತ್ತೀಯಮ್ಮ?” ಎಂದು ವೈದ್ಯೆ ಕೇಳಿದರು. “ಆಟದ ದಿನ ಕುಡಿಯುವುದೇ ಇಲ್ಲ. ಅಲ್ಲಿ ನಮಗೆ ಶೌಚಾಲಯವಿಲ್ಲ” ಎಂದಳು. ಇಷ್ಟು ದಿನ ಅವಳ ರನ್ನುಗಳ ಲೆಕ್ಕವನ್ನಷ್ಟೇ ಕೇಳುತ್ತಿದ್ದ ನಾನು ತಲೆತಗ್ಗಿಸಿದೆ.

ನೀರು ಕುಡಿಯದೆ, ಮೂತ್ರವನ್ನು ಬಹಳ ಹೊತ್ತು ತಡೆದುಕೊಂಡರೆ ಮೂತ್ರಕೋಶದಲ್ಲಿ ರೋಗಾಣುಗಳು ಬೆಳೆಯಲು ಆಸ್ಪದವಾಗುತ್ತದೆ. ಮುಂಬಯಿಯ ಸೆಕೆಯಲ್ಲಿ ಬೆವರಿ ಬಳಲುವ ದೇಹಕ್ಕೆ ಬಿಸಿಲಿನ ಆಘಾತದ ಭಯವೂ ಉಂಟು. ಉಳುಕಿದ ಕಾಲಿಗೆ ಕೂಡಲೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ, ಅದು ಸಲ್ಲದು. ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕ್ರೇಪ್ ಬ್ಯಾಂಡೇಜು, ಕಾಲನ್ನು ಎತ್ತರಕ್ಕಿಡುವುದು, ಇವೇ ಪ್ರಥಮ ಚಿಕಿತ್ಸೆ. ಊರಲಾಗದಷ್ಟು ನೋವಿದ್ದರೆ ಎಕ್ಸ್-ರೇ ತೆಗೆಸಬೇಕೆಂದು ವೈದ್ಯೆ ತಿಳಿಸಿದರು.

ಪ್ರತಿಯೊಂದು ಕಾಲೇಜೂ ನೆರೂಳಿನಂತಹ ಕ್ರೀಡಾಂಗಣವನ್ನು ಕಟ್ಟಲಾರದು ಎಂಬುದನ್ನು ಬ್ಯಾಂಕಿನ ನೌಕರಿಯಲ್ಲಿರುವ ನಾನು ಬಲ್ಲೆ. ಆದರೆ ಗುಂಡಿ ಮುಚ್ಚಿ ರೋಲರ್ ಎಳೆಸುವುದು, ಮಳೆಯ ನೀರು ಹರಿದುಹೋಗಲು ಅಂಚಿನಲ್ಲಿ ಚರಂಡಿ ತೋಡಿಸುವುದು, ಒಂದಿಷ್ಟು ನೆರಳು, ಕುಡಿಯುವ ನೀರು, ಹುಡುಗಿಯರಿಗೆ ಚಿಲಕವಿರುವ ಶೌಚಾಲಯ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇವುಗಳಿಗೆ ಕೋಟಿಗಳು ಬೇಡ. ಕಟ್ಟಡಕ್ಕೆ ವರ್ಷವರ್ಷವೂ ಸವಕಳಿಯನ್ನು ಬರೆದಿಡುತ್ತೇವೆ. ಆಡುವ ಮಕ್ಕಳ ದೇಹದ ಸವಕಳಿಯನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ.

ನಮ್ಮ ಸಂಘದ ಸದಸ್ಯರಲ್ಲಿ ಹಲವರ ಮಕ್ಕಳು ಕಾಲೇಜಿನಲ್ಲಿ ಓದುತ್ತಿದ್ದಾರೆ. ಪಾಲಕರ ಸಭೆಯಲ್ಲಿ ಅಂಕಗಳ ವಿಚಾರದೊಡನೆ ಮೈದಾನದ ವಿಚಾರವನ್ನೂ ಎತ್ತಬೇಕೆಂದು ವಿನಂತಿಸುತ್ತೇನೆ. ಸಂಘದ ಕ್ರೀಡಾಸ್ಪರ್ಧೆಗಳಲ್ಲಿಯೂ ಮೊದಲು ಈ ಏರ್ಪಾಡುಗಳಾಗಲಿ, ಬಹುಮಾನದ ಬಟ್ಟಲುಗಳು ಅನಂತರ ಬರಲಿ.

ಮಗಳು ಗುಣಹೊಂದಿ ಮತ್ತೆ ಆಡುತ್ತಿದ್ದಾಳೆ. ತಾಯಿ ತುಂಬಿಸಿ ಕೊಡುವ ನೀರಿನ ಬಾಟಲಿ ಇಂದಿಗೂ ಸಂಜೆ ಅರ್ಧಕ್ಕಿಂತ ಹೆಚ್ಚು ತುಂಬಿಯೇ ಮರಳುತ್ತದೆ. ಅದು ಬರಿದಾಗಿ ಬರುವ ದಿನ ಅವರ ಮೈದಾನ ಸುಧಾರಿಸಿತೆಂದು ನಾನು ತಿಳಿಯುತ್ತೇನೆ.